ಟ್ರಯಲ್‌ಗೆ ಬಂದ ಸಂವಿಧಾನ

ಸಿಟ್ಟಿನಲ್ಲಿ ಹೊಲಿದರೆ ದಾರ ಕಡಿಯುತ್ತದೆ. ಅವತ್ತು ದರ್ಜಿಯ ಮಿಷನ್ನಿನಲ್ಲಿ ಬೆಳಗ್ಗಿನಿಂದ ದಾರ ಕಡಿಯುತ್ತಲೇ ಇತ್ತು.

ದೇಶಕ್ಕೆ ಹೊಸ ಸಂವಿಧಾನ ಬರುವುದಿತ್ತು. ಅದರ ಕರಡನ್ನು ರೇಡಿಯೋದಲ್ಲಿ ಓದಿದ್ದರು: ‘ಈ ನೆಲದಲ್ಲಿ ಹುಟ್ಟಿದವರೇ ಈ ದೇಶದ ಪ್ರಜೆಗಳು.’ ದರ್ಜಿಯ ಹೆಂಡತಿ ಹುಟ್ಟಿದ್ದು ಗಡಿಯಾಚೆ. ಅಲ್ಲಿ ಯುದ್ಧವಾದಾಗ ಅಮ್ಮನ ಸೊಂಟದ ಮೇಲೆ ಕೂತು ಬಂದವಳು. ಈಗ ಇದೇ ಅಂಗಡಿಯ ಮೂಲೆಯಲ್ಲಿ ಕೂತು ಊರಿನ ಅಂಗಿಗಳಿಗೆಲ್ಲ ಕಾಜಾ ಹಾಕುತ್ತಾಳೆ. ಆ ಸಾಲು ಹಾಗೇ ಉಳಿದರೆ ಅವಳು ಹೊರಗಿನವಳು.

ಯೂನಿಫಾರ್ಮ್ ಒಯ್ಯಲು ಪಕ್ಕದ ಮನೆಯ ನರ್ಸಕ್ಕ ಬಂದಳು.

“ಸಂಜೆ ಶಾಲೇಲಿ ಸಭೆ ಇದೆ ತಮ್ಮ. ಕರಡಿನ ಬಗ್ಗೆ ಜನ ಏನಂತಾರೆ ಅಂತ ಕೇಳೋಕೆ ಅದನ್ನ ಬರೆದೋರ ಕಡೆಯವರು ಬರ್ತಿದ್ದಾರೆ. ಇಬ್ಬರೂ ಬನ್ನಿ.”

“ದೊಡ್ಡವರು ಬರೆದಾಯ್ತಲ್ಲಕ್ಕ. ಕೋಣನ ಮುಂದೆ ಕಿನ್ನರಿ ಯಾಕೆ ಬಾರಿಸ್ಬೇಕು?”

“ಬರೆದಿರೋದು ಕರಡು ಮಾರಾಯ! ನಾವು ಹೇಳಿದ್ಮೇಲೆ ತಿದ್ದಬೇಕು. ಆಮೇಲೆ ನಾವೇ ಓಟು ಹಾಕಿ ಒಪ್ಪಬೇಕು. ನಾವು ಒಪ್ಪದಿದ್ರೆ ಅದು ಬರೀ ಕಾಗದ.”

“ನಮ್ಮ ಮಾತು ಯಾರು ಕೇಳ್ತಾರೆ?”

ನರ್ಸಕ್ಕ ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ದರ್ಜಿಯೇ ಬರೆದು ತೂಗುಹಾಕಿದ ಬೋರ್ಡಿತ್ತು: ‘ಟ್ರಯಲ್‌ಗೆ ಬಾರದವರ ದೂರು ಆಮೇಲೆ ಕೇಳುವುದಿಲ್ಲ.’

“ಕಚ್ಚಾ ಹೊಲಿಗೆ ಇರುವಾಗಲೇ ಹೇಳಿ ಅಂತ ನಮ್ಮನ್ನೆಲ್ಲ ಬೈತೀಯಲ್ಲ. ಇದೂ ಈಗ ಕಚ್ಚಾ ಹೊಲಿಗೇನೇ.”

ಮೂಲೆಯಲ್ಲಿ ಹೆಂಡತಿ ಕಿಸಕ್ಕನೆ ನಕ್ಕಳು. ದರ್ಜಿ ಪೆಚ್ಚಾಗಿ ಮಿಷನ್ನಿಗೆ ಮುಸುಕು ಹಾಕಿದ.

ಸಭೆಯಲ್ಲಿ ಅವನು ಎದ್ದು ನಿಂತು ಪಕ್ಕದಲ್ಲಿದ್ದ ಹೆಂಡತಿಯತ್ತ ಕೈ ತೋರಿಸಿದ. “ನೀವು ತೊಟ್ಟಿರೋ ಅಂಗಿಗೆಲ್ಲ ಕಾಜಾ ಹಾಕಿದ್ದು ಇವಳು. ಇವಳಿಗೆ ಬೇರೆ ದೇಶ ಗೊತ್ತಿಲ್ಲ. ಇವಳನ್ನ ಬಿಟ್ಟು ‘ನಾವು’ ಅಂತ ಹೇಗೆ ಬರೀತೀರಿ?” ಎಂದಷ್ಟೇ ಹೇಳಿದ.

ತನ್ನ ಪ್ಯಾಂಟು ಬಿಗಿಯಾಯಿತೆಂದು ಅವನೊಡನೆ ವರ್ಷದಿಂದ ಮಾತು ಬಿಟ್ಟಿದ್ದ ಬೇಕರಿಯವನು ಕೈ ಎತ್ತಿದ. “ಅವಳು ನಮ್ಮೂರ ಮಗಳು. ಬರ್ಕೊಳ್ಳಿ.” ಒಂದೊಂದಾಗಿ ಎಲ್ಲ ಕೈಗಳೂ ಮೇಲೆದ್ದವು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಇಂಥ ಮಾತು ಬೇರೆ ಊರುಗಳಿಂದಲೂ ಹೋಗಿತ್ತು. ತಿದ್ದಿದ ಕರಡಿನಲ್ಲಿ ‘ಹುಟ್ಟಿದವರೇ’ ಹೋಗಿ ‘ಹುಟ್ಟಿದವರೂ, ಇದನ್ನೇ ಮನೆ ಮಾಡಿಕೊಂಡು ಬಾಳುತ್ತಿರುವವರೂ’ ಎಂದಾಯಿತು. ಜನ ಓಟು ಹಾಕಿ ಒಪ್ಪಿದರು.

ಅದಾದ ಮೇಲೆ ಬಂದ ಮೊದಲ ಚುನಾವಣೆಯಲ್ಲಿ ದರ್ಜಿಯ ಹೆಂಡತಿ ನರ್ಸಕ್ಕನಿಗೆ ಬೆರಳ ಮೇಲಿನ ಶಾಯಿ ತೋರಿಸಿ, “ನಿಮ್ಮ ಉಪಕಾರ ಮರೆಯಲ್ಲ ಅಕ್ಕ” ಎಂದಳು.

“ನನಗಲ್ಲ, ಕೈ ಎತ್ತಿದೋರಿಗೆ ಹೇಳು.”

ದರ್ಜಿ ಆಗಲೇ ಹೇಳಿದ್ದ. ಬೇಕರಿಯವನ ಪ್ಯಾಂಟನ್ನು ಬಿಚ್ಚಿ, ಸಡಿಲ ಮಾಡಿ ಹೊಲಿದುಕೊಟ್ಟಿದ್ದ.

ಕೇಳುತ್ತಿರುವ ಅಕ್ಕ, ಅಣ್ಣ, ದೇಶದ ಕರಡು ನಿಮ್ಮೂರಿಗೂ ಬಂದೀತು. ಕೆಲಸ ಒಂದು ಗಳಿಗೆ ನಿಲ್ಲಿಸಿ ಸಭೆಗೆ ಹೋಗಿ. ನಿಮ್ಮ ಮಾತು ಹೇಳಿ. ಸುಮ್ಮನೆ ಮೂಲೆಯಲ್ಲಿ ಕೂತವರ ಪರವಾಗಿಯೂ ಒಮ್ಮೆ ಕೈ ಎತ್ತಿ.