ಎರಡು ಲಡಿಯ ಲಾಳಿ

ಲಗ್ನಪತ್ರಿಕೆ ಕೈಗೆ ಬಂದರೆ ಮದರಸಾಬರು ಅದನ್ನು ಓದುವ ಮೊದಲು ಅಂಗೈ ಮೇಲಿಟ್ಟು ತೂಗುತ್ತಿದ್ದರು, ಮೂಲೆಯನ್ನು ಬಾಗಿಸಿ ಬಿಡುತ್ತಿದ್ದರು, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಚಿಮ್ಮುತ್ತಿದ್ದರು. ಆಮೇಲೆ "ಎಲಿಗೆ ಚಲೋ ಆಕ್ಕೈತಿ" ಎಂದು ತೀರ್ಪು ಕೊಟ್ಟು, ಏಪ್ರಿಲ್ ಬಿಸಿಲಲ್ಲೂ ಮೈಬಿಡದ ಕರಿ ಕೋಟಿನ ಒಳಕಿಸೆಗೆ ಸೇರಿಸುತ್ತಿದ್ದರು. ಲಗ್ನ ಯಾರದೆಂದು ಅವರು ಕೇಳಿದ್ದನ್ನು ನಾನು ಕಾಣೆ.

ಗಜೇಂದ್ರಗಡದ ಮಗ್ಗಗಳಿಗೆ ಸೆರಗಿನ ನಕ್ಷೆಯ ರಟ್ಟುಗಳಲ್ಲಿ ತೂತು ಹೊಡೆಯುವುದು ಅವರ ಕಸುಬು. ಆ ರಟ್ಟುಗಳನ್ನು ದಾರದಿಂದ ಪೋಣಿಸುವುದು ಹೆಂಡತಿ ಹಸನಬಿಯವರ ಕೆಲಸ. ಸವೆದ ರಟ್ಟುಗಳನ್ನೂ ಇಂಥ ಪತ್ರಿಕೆಗಳನ್ನೂ ಎಲೆಗಳಾಗಿ ಕತ್ತರಿಸಿ ಮದರಸಾಬರು ಇಸ್ಪೀಟಿನಂಥ ಒಂದು ಹೊಸ ಆಟ ಕಟ್ಟುತ್ತಿದ್ದರು. ಇಬ್ಬರಿಗೂ ಮೊದಲು ಹತ್ತು ಬಡ ಎಲೆಗಳು, ಒಂದೊಂದರ ಬೆಲೆ ಒಂದು ಲಡಿ, ಅಂದರೆ ಒಂದು ಸುರುಳಿ ನೂಲು. ಸರದಿಗೆ ಐದೈದು ಎತ್ತಿ, ಬಂದ ನೂಲಿನಿಂದ ನಡುವಿನ ರಾಶಿಯಲ್ಲಿದ್ದ ಲಾಳಿಯನ್ನೋ ಬಣ್ಣಗಾರನನ್ನೋ ಸೀರೆಯನ್ನೋ ಕೊಳ್ಳಬೇಕು; ಕೊಂಡ ಎಲೆ ನಿಮ್ಮ ಕಟ್ಟಿಗೆ ಸೇರಿ, ಕಲಸಿದಾಗಲೆಲ್ಲ ತಿರುಗಿ ಕೈಗೆ ಬರುತ್ತದೆ. ಲಾಳಿ ಬಂದರೆ ಇನ್ನೆರಡು ಎಲೆ ಎತ್ತಬಹುದು. ಕೊನೆಗೆ ಸೀರೆ ಹೆಚ್ಚಿದ್ದವರು ಗೆದ್ದಂತೆ. ಯಾವ ಎಲೆಗೆ ಎಷ್ಟು ಲಡಿ ಎಂಬುದೊಂದೇ ಅವರ ಆರು ವರ್ಷಗಳ ತಪಸ್ಸು. ಅಗ್ಗವಾದರೆ ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ, ತುಟ್ಟಿಯಾದರೆ ಯಾರೂ ಮುಟ್ಟುವುದಿಲ್ಲ.

"ಯಾರ ಕುಂತ್ರೂ ಗೆಲ್ಲೂ ಹಂಗ ಇರಬೇಕ್ರಿ ಮಾಸ್ತರ. ಸಾಯೂದ್ರಾಗ ಒಂದಾದ್ರೂ ಕೆಲಸ ನೆಟ್ಟಗ ಮಾಡಬೇಕು" ಎಂದು ನನಗೆ ಹೇಳುತ್ತಿದ್ದರು.

ಬೆಲೆಯ ತೂಕ ನೋಡುವ ಕ್ರಮ ಸರಳ: ದಿನವೂ ಹೆಂಡತಿಯೊಡನೆ ಒಂದಾಟ. ತಮ್ಮನ್ನು ಗೆಲ್ಲಿಸಿದ ಬಣ್ಣಗಾರನ ಬೆಲೆಯನ್ನು ಮೂರರಿಂದ ಆರು ಲಡಿಗೆ ಏರಿಸಿದರು. ಹಸನಬಿ ಕೊಂಡು ಕೊಂಡು ಸೋತ ಲಾಳಿಯನ್ನು, ಅದಕ್ಕೆ ಬಲ ಸಾಲದೆಂದು, ಐದರಿಂದ ಎರಡಕ್ಕೆ ಇಳಿಸಿದರು. ನರೇಗಲ್ಲಿನ ಶಾಲೆಯಿಂದ ರವಿವಾರಕ್ಕೊಮ್ಮೆ ಬರುತ್ತಿದ್ದ ನಾನು ಒಂದು ದಿನ ಆಕೆಯ ಬೆನ್ನ ಹಿಂದೆ ಕುಳಿತಿದ್ದೆ. ಆಕೆಯ ಕೈಯಲ್ಲಿ ಎರಡು ಸೀರೆ ಕೊಳ್ಳುವಷ್ಟು ನೂಲಿತ್ತು. ಆಕೆ ಏನನ್ನೂ ಕೊಳ್ಳದೆ ಎಲೆಗಳನ್ನು ಬೋರಲು ಹಾಕಿ, "ನನಗ ಏನೂ ಬರಲಿಲ್ಲರಿ" ಎಂದರು. ಚಹಾ ಕೊಡುವಾಗ ನನಗಷ್ಟೇ ಕೇಳುವಂತೆ ಹೇಳಿದರು: "ಸೋತ್ರ ಊಟದ ತಾಟಿಗೆ ಕೈ ಹಚ್ಚಾಂಗಿಲ್ಲ ಅವರು. ಅವರ ಮುಂದ ಏನೂ ಅನ್ನಬ್ಯಾಡ್ರಿ." ನಾನು ಅನ್ನಲಿಲ್ಲ. ಗಂಡಹೆಂಡಿರ ನಡುವಿನ ಚಂದದ ಆಟವೆಂದು ಒಳಗೊಳಗೇ ನಕ್ಕೆ. ಆ ನಗೆಗೆ ಇಂದಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಜ್ವರ ಬಂದು ಹಸನಬಿ ತೀರಿಕೊಂಡರು. ನಾಲ್ಕು ತಿಂಗಳ ಮೇಲೆ, ಆಟವನ್ನು ಅಚ್ಚಿಗೆ ಕೊಡುವ ಮುಂಚೆ ಕೊನೆಯ ಸಲ ನೋಡಿಬಿಡೋಣವೆಂದು, ಮದರಸಾಬರು ನೆರೆಮನೆಯ ನೇಕಾರ ಪರಪ್ಪನನ್ನು ಕೂಡಿಸಿಕೊಂಡರು. ಅಂದು ನಾನೂ ಇದ್ದೆ. ಪರಪ್ಪ ಎರಡೆರಡು ಲಡಿಗೆ ಲಾಳಿಗಳನ್ನೆಲ್ಲ ಬಾಚಿಕೊಂಡು, ಅವು ತಂದ ನೂಲಿನಿಂದ ಸೀರೆಗಳನ್ನು ಕೊಂಡು ಲಗೂನೆ ಗೆದ್ದ. ಮತ್ತೆ ಆಡಿದರು, ಮತ್ತೆ ಗೆದ್ದ. ಮೂರನೆಯ ಸಲ ಎಲೆಗಳನ್ನು ಕೆಳಗಿಟ್ಟು, "ಇದರಾಗ ಆಟ ಏನೈತ್ರಿ? ಲಾಳಿ ಹಿಡದವ ಗೆದ್ದ, ಅಷ್ಟ" ಎಂದು ಎದ್ದುಹೋದ.

ಮದರಸಾಬರು ಲಾಳಿಯ ಎಲೆಯೊಂದನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು.

"ಮಾಸ್ತರ, ಆಕಿ ಬೇಕಂತ ಸೋಲ್ತಿದ್ದದ್ದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. "ಆರು ವರ್ಷ ನಾ ಎಲಿ ತೂಗಿಲ್ಲ ಹಂಗಾರ, ಆಕಿ ಸೋಲು ತೂಗೇನಿ" ಎಂದರು. ಎಲೆಯನ್ನು ಕೆಳಗಿಟ್ಟು, "ಆಕಿ ಒಮ್ಮೆರೆ ಖರೇ ಆಡಿದ್ರ ಸಾಕಿತ್ತು. ನಾ ಒಂದ್ ದಿನ ಉಪಾಸ ಇರತಿದ್ದೆ, ಅಷ್ಟ" ಎಂದರು.

ಬೆಲೆ ತಿದ್ದಲು ನಾನು ಪೆನ್ಸಿಲ್ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ. ಆಟ ಅಚ್ಚಾಗಲೂ ಇಲ್ಲ. ಆದರೆ ರವಿವಾರ ನಾನು ಹೋದಾಗ ಎಲೆ ಹಂಚುತ್ತಿದ್ದರು. ಮದರಸಾಬರು ಲಾಳಿಗಳನ್ನಷ್ಟೇ ಕೊಳ್ಳುತ್ತಿದ್ದರು, ಕೈತುಂಬ ನೂಲು ಬಂದಾಗ ಎಲೆಗಳನ್ನು ಬೋರಲು ಹಾಕಿ, "ನನಗ ಏನೂ ಬರಲಿಲ್ಲರಿ" ಎನ್ನುತ್ತಿದ್ದರು. ನಾನು ಗೆಲ್ಲುತ್ತಿದ್ದೆ. ಸೋತ ಅವರು ಎದ್ದುಹೋಗಿ ನಮ್ಮಿಬ್ಬರಿಗೂ ಊಟದ ಎರಡು ತಾಟು ತರುತ್ತಿದ್ದರು.

ಒಂದು ಕೆಲಸವನ್ನು ನೆಟ್ಟಗೆ ಮಾಡಬೇಕೆಂದು ಹಟ ಹಿಡಿದವರು ನಮ್ಮ ಊರುಗಳಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಕೂದಲೆಳೆಯಷ್ಟು ಸೊಟ್ಟವೂ ಅವರ ಕಣ್ಣು ತಪ್ಪುವುದಿಲ್ಲ. ತಪ್ಪುವುದು ಎದುರಿಗೆ ಕುಳಿತು ದಿನವೂ ಸೋಲುತ್ತಿರುವ ಮುಖವೊಂದೇ. ಅದು ಕಾಣುವ ಹೊತ್ತಿಗೆ ಆ ಜಾಗ ಬರಿದಾಗಿರುತ್ತದೆ, ಮತ್ತು ಅವರಿಗೆ ಮಾಡಲು ಉಳಿಯುವುದು ಅದೇ ಸೋಲನ್ನು ಕಲಿಯುವುದು.