ಆರು ಮನೆ ಶ್ರುತಿ

ನಾನು ಅನುಮಾನದ ಹೆಂಗಸು ಅಂತ ನಮ್ಮೆಜಮಾನ್ರು ವೆಂಕಣ್ಣ ಮದುವೆಯಾದ ಹೊಸದರಿಂದಲೂ ಹೇಳ್ಕೊಂಡು ಬಂದಿದ್ದಾರೆ. ಹೇಳ್ಲಿ. ಡಾಲಸ್ ಪಕ್ಕದ ಲಿಟಲ್ ಎಲ್ಮಿನ ಈ ಮನೆ ಕೊಳ್ಳುವಾಗ ಗೋಡೆಯೊಳಗೆ ಎಲ್ಲೋ ನೀರು ತೊಟ್ಟಿಕ್ತಿದೆ ಅಂದವಳು ನಾನು. ಇನ್ಸ್‌ಪೆಕ್ಷನ್‌ಗೆ ಬಂದಿದ್ದ ಹುಡುಗ ನಕ್ಕ. ಆಮೇಲೆ ಗೋಡೆ ಒಡೆಸಬೇಕಾಗಿ ಬಂದಾಗ ಯಾರೂ ನಗಲಿಲ್ಲ. ಮೈಸೂರಲ್ಲಿ ನಮ್ಮ ಮೇಷ್ಟ್ರು ತಿದ್ದಿ ಬೆಳೆಸಿದ ಕಿವಿ ಇದು, ಸುಮ್ನೆ ಅಲ್ಲ.

ಆ ಕಿವಿಯೇ ತನ್ವಿಯನ್ನೂ ಹಿಡಿದದ್ದು.

ನಾನು ಮನೆಯಲ್ಲೇ ಪಿಟೀಲು ಹೇಳಿಕೊಡ್ತೀನಿ. ಫ್ರಿಸ್ಕೋ ಕಡೆಯಿಂದೆಲ್ಲ ಮಕ್ಕಳು ಬರ್ತಾರೆ. ನನ್ನ ಕ್ಲಾಸಿಗೆ ಒಂದೇ ಕಟ್ಟುಪಾಡು. ಬಂದವರು ಚಾಪೆ ಮೇಲೆ ಕೂತು, ಮೊದಲು ತಮ್ಮ ಪಿಟೀಲನ್ನ ನನ್ನ ಶ್ರುತಿಗೆ ಸೇರಿಸ್ಬೇಕು. ನಂದು ಮೂರು ಮನೆ, ಅಂದ್ರೆ ಹಾರ್ಮೋನಿಯಮ್ಮಿನ ಮೂರನೇ ಬಿಳಿ ಮನೆಯೇ ನನ್ನ 'ಸ', ನನ್ನ ಷಡ್ಜ. ನಮ್ಮ ಮೇಷ್ಟ್ರದ್ದೂ ಅದೇ. ಶಿಷ್ಯ ಗುರುವಿನ ಶ್ರುತಿಗೆ ಬರ್ಬೇಕೇ ಹೊರತು ಗುರು ಶಿಷ್ಯನ ಶ್ರುತಿಗೆ ಹೋಗೋದಿಲ್ಲ, ಇದನ್ನ ಅವರು ದಿನಾ ಹೇಳೋರು. ನಾನೂ ದಿನಾ ಹೇಳ್ತೀನಿ.

ತನ್ವಿ ನನ್ನ ಹತ್ರ ಕಲಿಯೋಕೆ ಬಂದಾಗ ಅವಳ ಹಲ್ಲು ಬಿದ್ದು ಬೊಚ್ಚುಬಾಯಿ. ಈಗ ಹೈಸ್ಕೂಲು ಮುಗಿಯೋ ವಯಸ್ಸು. ಬಾಯಿ ಬಿಟ್ರೆ ಇಂಗ್ಲಿಷು, ಆದರೆ ಕಮಾನು ಹಿಡಿದ್ರೆ ಅಪ್ಪಟ ನಮ್ಮ ಮೇಷ್ಟ್ರು. ಅವರದ್ದೊಂದು ಜಾರು ಇತ್ತು. ಒಂದೇ ಕಮಾನಿನಲ್ಲಿ ಕೆಳಗಿನ ಪಂಚಮದಿಂದ ಮೇಲಕ್ಕೆ ಜಾರಿ, ಸ್ವರ ಮುಟ್ಟಿ, ಮುಟ್ಟಿದ ಮೇಲೆ ಒಂದು ಚೂರು ಉಸಿರು ಬಿಟ್ಟ ಹಾಗೆ ಸಡಿಲ ಮಾಡೋದು. ಮೇಷ್ಟ್ರು ಹೋದ ಮೇಲೆ ಅದು ನನ್ನ ಕೈಲಿ ಉಳೀತು. ನನ್ನಿಂದ ಅದು ಬಂದಿರೋದು ತನ್ವಿಗೊಬ್ಬಳಿಗೇ.

ಅವಳಿಗಿಂತ ಮುಂಚೆ ಐದು ಜನಕ್ಕೆ ರಂಗಪ್ರವೇಶ ಮಾಡಿಸಿದ್ದೀನಿ. ದೊಡ್ಡ ಆಡಿಟೋರಿಯಮ್ಮು, ಹೂವಿನ ಅಲಂಕಾರ, ರೇಷ್ಮೆ ಸೀರೆ, ಊಟ, ಡ್ರೋನಲ್ಲಿ ವಿಡಿಯೋ. ಆಮೇಲೆ? ಕಾಲೇಜಿಗೆ ಹೋದ್ರು, ಪಿಟೀಲು ಕ್ಲಾಸೆಟ್ ಸೇರ್ತು. ಒಬ್ಬರೂ ಈಗ ನುಡಿಸೋದಿಲ್ಲ. ಹಾಗಾಗಿ ತನ್ವಿಯ ಮೇಲೆ ನನಗೆ ಎಷ್ಟು ಆಸೆಯೋ ಅಷ್ಟೇ ಭಯ. ಇವಳೂ ಬಿಟ್ರೆ ಮೇಷ್ಟ್ರ ಬಾನಿ, ಅವರ ನುಡಿಸೋ ಶೈಲಿ, ನನ್ನ ಜೊತೇಲೇ ಮಣ್ಣಾಗತ್ತೆ.

ಅವಳ ರಂಗಪ್ರವೇಶ ಬೇಸಿಗೆ ರಜಕ್ಕೆ ಅಂತ ಗೊತ್ತಾಗಿತ್ತು. ಚಳಿಗಾಲ ಕಳೀತಿದ್ದ ಹಾಗೆ ಒಂದು ವಿಚಿತ್ರ ಶುರುವಾಯ್ತು. ಅವಳು ಪೆಟ್ಟಿಗೆ ತೆಗೆದು ತಂತಿ ಮೀಟಿದ್ರೆ ನನ್ನ ಮೂರು ಮನೆ ಎಲ್ಲಿ, ಅದೆಲ್ಲಿ! ಸ ಪ ಸ ಪ ಅಂತ ನಾಲ್ಕೂ ತಂತಿ ಸರಿಯಾಗೇ ಕೂತಿವೆ, ಆದರೆ ಆರು ಮನೆಗೆ ಬಿಗಿದಿದೆ. ಗಡಿಬಿಡಿಯಲ್ಲಿ ಬಿರಡೆ ತಿರುಗಿಸಿ ಕೆಳಗಿಳಿಸ್ತಿದ್ಲು. ಇನ್ನೊಂದು ವಾರ ಮತ್ತೆ ಅದೇ. ಕೇಳಿದ್ರೆ ವೆದರು ಆಂಟಿ ಅಂದ್ಲು. ವೆದರಿಗೆ ತಂತಿ ಸಡಿಲ ಆಗತ್ತೆ ತಾಯಿ, ಅಷ್ಟು ನೀಟಾಗಿ ಆರನೇ ಮನೆಗೆ ಹತ್ತಿ ಕೂರೋದಿಲ್ಲ. ಪೆಟ್ಟಿಗೆಯಲ್ಲಿ ಹೊಗೆ ವಾಸನೆ ಬೇರೆ.

ನನ್ನ ತಲೆ ಓಡ್ತು. ನಮ್ಮ ಸಂಗೀತದಲ್ಲಿ ಅಷ್ಟು ಎತ್ತರದ ಶ್ರುತಿ ಯಾರಿಗೆ ಬೇಕು? ಹಾಡೋ ಹೆಂಗಸರಿಗೆ. ಅಂದ್ರೆ ಇವಳು ಯಾರೋ ಗಾಯಕಿಗೆ ಕದ್ದುಮುಚ್ಚಿ ಪಕ್ಕವಾದ್ಯ ನುಡಿಸ್ತಿದ್ದಾಳೆ. ನಮ್ಮ ಸುತ್ತಮುತ್ತ ಎತ್ತರದ ಕಂಠ ಯಾರದ್ದು? ನಿಶಿತಾದು. ಫ್ರಿಸ್ಕೋದಲ್ಲಿ ದೊಡ್ಡ ಬೋರ್ಡು ಹಾಕ್ಕೊಂಡು ಹಾಡುಗಾರಿಕೆ ಕ್ಲಾಸು ನಡೆಸೋ ನಿಶಿತಾ. ಬೆಳೆದ ಮಕ್ಕಳನ್ನ ಎಳ್ಕೊಳ್ಳೋದರಲ್ಲಿ ಎತ್ತಿದ ಕೈ ಅಂತ ಎಲ್ಲರಿಗೂ ಗೊತ್ತು, ಅಥವಾ ನನಗಾದ್ರೂ ಗೊತ್ತು. ನಾನು ಬಿತ್ತಿ ಬೆಳೆದದ್ದನ್ನ ಇವಳು ಕೊಯ್ದುಕೊಂಡು ಹೋಗೋದಾ ಅಂತ ಮೈಯೆಲ್ಲ ಉರೀತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಕಣೇ ಅಂದ್ರು ವೆಂಕಣ್ಣ. ಅವರು ಧಾರವಾಡದವರು, ಇಂಥ ಮಾತು ಹೇಳೋಕೆ ಅವರಿಗೆ ಪೇಡದಷ್ಟೇ ರುಚಿ.

ತನ್ವಿಯ ತಾಯಿ ವೈದೇಹಿಗೆ ಫೋನ್ ಮಾಡ್ದೆ. ಆಸ್ಪತ್ರೆಯ ಡಾಕ್ಟರು, ಯಾವಾಗಲೂ ಅವಸರ. ಹುಡುಗಿ ವಾರದ ಕೊನೆಯಲ್ಲಿ ಎಲ್ಲಿಗೆ ಹೋಗ್ತಾಳೆ ಅಂದೆ. ಡಿಬೇಟು, ಆಸ್ಟಿನ್ನಲ್ಲಿ ಡಿಬೇಟ್ ಟೂರ್ನಮೆಂಟು, ಅವರಪ್ಪ ಕರ್ಕೊಂಡು ಹೋಗ್ತಾರೆ ಅಂದ್ಲು. ತಂದೆ ಉದಯಶಂಕರನ ಆಫೀಸು ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನಲ್ಲಿ. ವಾರವೆಲ್ಲ ಅಲ್ಲಿ, ಶನಿವಾರ ಭಾನುವಾರ ಮನೆ. ಮಾತೇ ಆಡದ ಹುಡುಗಿಗೆ ಡಿಬೇಟಂತೆ! ನಾನು ನಂಬಲಿಲ್ಲ.

ಯುಗಾದಿ ಕಾರ್ಯಕ್ರಮದ ದಿನ ಕನ್ನಡ ಸಂಘದ ಊಟದ ಸಾಲಿನಲ್ಲಿ ನಿಶಿತಾ ಸಿಕ್ಕಿದ್ಲು. ನಾನು ಸುತ್ತುಬಳಸೋಳಲ್ಲ. ಒಬ್ಬರ ಶಿಷ್ಯರನ್ನ ಕೇಳದೇ ಕರ್ಕೊಂಡು ಹೋಗಿ ಪಕ್ಕದಲ್ಲಿ ಕೂರಿಸ್ಕೊಳ್ಳೋದು ಯಾವ ಸೀಮೆ ಸಂಪ್ರದಾಯ ಅಂತ ಕೇಳೇಬಿಟ್ಟೆ, ತನ್ವಿಯ ಪಿಟೀಲು ಆರು ಮನೆಗೆ ಹತ್ತಿ ಬರೋದನ್ನೂ ಹೇಳ್ದೆ. ಹೋಳಿಗೆ ಹಿಡಿದುಕೊಂಡಿದ್ದವರೆಲ್ಲ ತಿರುಗಿ ನೋಡಿದ್ರು. ನಿಶಿತಾ ಕೋಪ ಮಾಡ್ಕೊಳ್ಳಲಿಲ್ಲ. ಅದೇ ನನಗೆ ಇನ್ನೂ ಅನುಮಾನ. ತಟ್ಟೆ ಕೆಳಗಿಟ್ಟು, ನನ್ನ ಶ್ರುತಿ ಐದೂವರೆ, ಆರಲ್ಲ ಅಂದ್ಲು. ಆಮೇಲೆ ಫೋನ್ ತೆಗೆದು ಒಂದು ಪೋಸ್ಟರ್ ತೋರಿಸಿದ್ಲು. ಆಸ್ಟಿನ್ ಆಚೆ ಒಂದು ರ‍್ಯಾಂಚಿನಲ್ಲಿ ಜಾನಪದ ಸಂಗೀತದ ಉತ್ಸವ. ಅದರಲ್ಲಿ 'ಲೂಸ್ ಗ್ರ್ಯಾವೆಲ್' ಅನ್ನೋ ಬ್ಲೂಗ್ರಾಸ್ ತಂಡ, ಅಂದ್ರೆ ಬ್ಯಾಂಜೋ ಗಿಟಾರು ಇಟ್ಕೊಂಡು ಇಲ್ಲಿನ ಹಳ್ಳಿ ಹಾಡು ನುಡಿಸೋರು. ಗಡ್ಡದವರ ಮಧ್ಯೆ ಬೂಟು ಹಾಕ್ಕೊಂಡು, ಪಿಟೀಲನ್ನ ಗದ್ದಕ್ಕೆ ಒತ್ತಿಕೊಂಡು, ನಿಂತುಕೊಂಡು ನನ್ನ ತನ್ವಿ.

"ಡಾಲಸ್ಸಿನ ಫಾರ್ಮರ್ಸ್ ಮಾರ್ಕೆಟ್ಟಲ್ಲೂ ನೋಡ್ದೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ" ಅಂದ್ಲು ನಿಶಿತಾ.

ನನಗೆ ಊಟ ಸೇರಲಿಲ್ಲ. ನಿಶಿತಾ ಆಗಿದ್ರೇ ಚೆನ್ನಾಗಿತ್ತು, ಕನಿಷ್ಠ ಚಾಪೆ ಮೇಲೆ ಕೂರಿಸ್ತಿದ್ಲು.

ಪೋಸ್ಟರಿನಲ್ಲಿದ್ದ ಶನಿವಾರ ನಾನೂ ವೆಂಕಣ್ಣನೂ ಆಸ್ಟಿನ್ ಕಡೆ ಹೊರಟ್ವಿ. ವೇಕೋ ಹತ್ರ ಟ್ರಾಫಿಕ್ ನಿಂತು, ನನ್ನ ಸಿಟ್ಟಿಗೆ ಇನ್ನಷ್ಟು ಪುರುಸೊತ್ತು ಸಿಕ್ತು. ಹುಡುಗಿಯ ಕೈ ಕೆಡಿಸಿರೋದು ಆ ತಂಡದ ಯಾರೋ ಒಬ್ಬ. ಅವನಿಗೆ ನಾಲ್ಕು ಮಾತು ಹೇಳಿ, ಇವಳನ್ನ ಎಳ್ಕೊಂಡು ಬರ್ಬೇಕು. ಉಂಡ ಮನೆಗೆ ಎರಡು ಬಗೆದ್ಲಲ್ಲ ಅಂತ ಅಂದ್ಕೊಂಡೇ ಕೂತಿದ್ದೆ. ವೆಂಕಣ್ಣ ಪೂರಾ ದಾರಿ ಬಾಯಿ ಬಿಡಲಿಲ್ಲ. ಡ್ರೈವ್ ಮಾಡೋರು ಅವರು, ಬೈಸ್ಕೊಳ್ಳೋಕೆ ಅಷ್ಟೊಂದು ಶಕ್ತಿ ಇರಲಿಲ್ಲ ಅಂತ ಆಮೇಲೆ ಹೇಳಿದ್ರು.

ರ‍್ಯಾಂಚಿನ ಬಾಗಿಲಲ್ಲೇ ಧೂಳು. ಓಕ್ ಮರಗಳ ಕೆಳಗೆಲ್ಲ ಗುಂಪು ಗುಂಪಾಗಿ ಜನ, ಬ್ಯಾಂಜೋ, ಗಿಟಾರು, ಮ್ಯಾಂಡೊಲಿನ್ನು. ಮಾಂಸ ಸುಡೋ ಹೊಗೆ. ಪೆಟ್ಟಿಗೆಯಲ್ಲಿ ಬರ್ತಿದ್ದ ವಾಸನೆ ಅದೇ. ಸ್ಟೇಜಿನ ಎದುರು ಮಡಚೋ ಕುರ್ಚಿಗಳ ಸಾಲಿನಲ್ಲಿ ನೋಡ್ತೀನಿ, ಉದಯಶಂಕರ! ಕಾಲ ಮೇಲೆ ಕಾಲು ಹಾಕಿ ಮೊಸರನ್ನ ತಿಂತಿದ್ದಾನೆ. ನನ್ನನ್ನ ಕಂಡವನೇ ಚಮಚ ಬಾಯಲ್ಲಿಟ್ಕೊಂಡು ಹಾಗೇ ಎದ್ದು ನಿಂತ. ವೈದೇಹಿಗೆ ಗೊತ್ತಾ ಅಂತ ಕೇಳ್ದೆ. ಇಲ್ಲ ಅಂತ ತಲೆ ಅಲ್ಲಾಡಿಸಿದ. ಕುಂಬಳಕಾಯಿ ಕಳ್ಳ ಅನ್ನೋ ಮೊದಲೇ ಹೆಗಲು ಮುಟ್ಟಿ ನೋಡ್ಕೊಳ್ಳೋ ಮುಖ. ತಪ್ಪಿಸಿಕೊಳ್ಳದ ಹಾಗೆ ಅವನ ಪಕ್ಕದಲ್ಲೇ ಕೂತೆ.

ಲೂಸ್ ಗ್ರ್ಯಾವೆಲ್ ತಂಡ ಸ್ಟೇಜಿಗೆ ಬಂತು. ಐದು ಜನಕ್ಕೆ ಒಂದೇ ಮೈಕು. ಉತ್ಸವದವರು ಜುಗ್ಗರು ಅಂದ್ಕೊಂಡೆ. ಆದರೆ ನುಡಿಸೋಕೆ ಶುರು ಮಾಡಿದ ಮೇಲೆ ನೋಡಿದ್ರೆ, ಅದು ಅವರ ಪದ್ಧತಿ. ಸರದಿ ಬಂದವರು ಮೈಕಿಗೆ ಮುಂದೆ ಬರ್ತಾರೆ, ತಮ್ಮ ಪಾಲು ನುಡಿಸಿ, ಇನ್ನೊಬ್ಬರಿಗೆ ಕಣ್ಣಲ್ಲೇ ಹೇಳಿ ಹಿಂದೆ ಸರೀತಾರೆ. ಡಿಕ್ಕಿ ಇಲ್ಲ, ತಳ್ಳಾಟ ಇಲ್ಲ. ನಮ್ಮ ಕಛೇರಿಗಳಲ್ಲಿ ಮೈಕ್ ಸೆಟ್ಟಿನವನ ಜೊತೆ ನಾನೇ ಎಷ್ಟು ಜಗಳ ಆಡಿದ್ದೀನಿ ಅಂತ ವೆಂಕಣ್ಣ ಈ ಹೊತ್ತಲ್ಲೇ ನೆನಪಿಸಬೇಕಾ?

ತಂಡದಲ್ಲಿ ಪಿಟೀಲು ಎರಡು. ಒಂದು ತನ್ವಿಯದ್ದು, ಇನ್ನೊಂದು ಪ್ಯಾಂಟಿಗೆ ಹೆಗಲ ಪಟ್ಟಿ ಹಾಕ್ಕೊಂಡ ಒಬ್ಬ ಮುದುಕನದ್ದು, ಹೆಸರು ಡೆಲ್ಬರ್ಟ್. ಎರಡೂ ಸ ಪ ಸ ಪ, ಆರು ಮನೆ. ಈ ಜನವೂ ನಮ್ಮ ಹಾಗೇ ಶ್ರುತಿ ಕಟ್ತಾರೆ ಅಂತ ನನಗೇನು ಗೊತ್ತು? ಮುದುಕ ಮುಂದೆ ಬಂದು ಕಮಾನು ಎಳೆದ. ಕೆಳಗಿನ ಪಂಚಮದಿಂದ ಮೇಲಕ್ಕೆ ಜಾರಿ, ಸ್ವರ ಮುಟ್ಟಿ, ಉಸಿರು ಬಿಟ್ಟ ಹಾಗೆ ಸಡಿಲ ಮಾಡ್ದ.

ನನಗೆ ಕೂರೋಕಾಗಲಿಲ್ಲ. ಕದ್ದಿದ್ದಾನೆ ಅಂದೆ ವೆಂಕಣ್ಣಂಗೆ. ಅದು ನಮ್ಮ ಮೇಷ್ಟ್ರ ಜಾರು, ಕೊನೇಲಿ ಸ್ವಲ್ಪ ಒರಟು, ಆದ್ರೆ ಅದೇ. ಹುಡುಗಿಯ ಕೈಯಿಂದ ಬಾಚಿಕೊಂಡಿದ್ದಾನೆ. ಎಷ್ಟು ವರ್ಷ ಹಸಿದು, ಬೈಸ್ಕೊಂಡು, ಮೇಷ್ಟ್ರ ಮನೆ ಜಗಲಿ ಕಾದು ನಾನು ಪಡೆದದ್ದನ್ನ ಇವನು ಹುಲ್ಲಿನ ಮೇಲೆ ಪುಕ್ಕಟೆ ಎತ್ಕೊಂಡಿದ್ದಾನೆ. ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು ಅಂದೇ ನಾನು ಅಂದ್ಕೊಂಡಿದ್ದು.

ಆಟ ಮುಗಿದ ಮೇಲೆ ನೇರ ಸ್ಟೇಜಿನ ಹಿಂದೆ ಹೋದೆ. ಒಂದು ಮರದ ಕೆಳಗೆ ಅವರೆಲ್ಲ ಕುರ್ಚಿ ಹಾಕ್ಕೊಂಡು ಮತ್ತೆ ನುಡಿಸ್ತಿದ್ರು. ಪುಸ್ತಕ ಇಲ್ಲ, ಸ್ವರ ಬರೆದ ಹಾಳೆ ಇಲ್ಲ. ತನ್ವಿ ಒಂದು ಸಾಲು ನುಡಿಸೋದು, ಡೆಲ್ಬರ್ಟ್ ಮತ್ತೆ ಇನ್ನೊಬ್ಬ ಹೆಂಗಸು ಕೇಳಿಸ್ಕೊಂಡು ಹಿಂದೆಯೇ ನುಡಿಸೋದು. ತಪ್ಪಾದ್ರೆ ಇವಳು ತಲೆ ಅಲ್ಲಾಡಿಸಿ ಮತ್ತೆ ಅಂತಾಳೆ. ಆ ತಲೆ ಅಲ್ಲಾಡಿಸೋದು ನಂದು. ಆ ಬಿಗಿದ ತುಟಿಯೂ ನಂದೇ.

ನನ್ನನ್ನ ನೋಡಿ ತನ್ವಿಯ ಮುಖ ಬಿಳುಚಿಕೊಳ್ತು. ಪಿಟೀಲು ಗದ್ದದಿಂದ ಇಳಿಸಿದ್ಲು. ಮುದುಕ ಎದ್ದು ಟೋಪಿ ತೆಗೆದ. ನಾನು ಇಂಗ್ಲಿಷಿನಲ್ಲಿ, ಆ ಜಾರು ಎಲ್ಲಿಂದ ತಂದೆ ಅಂತ ಅವನನ್ನೇ ಕೇಳ್ದೆ. ಅವನು ಕಮಾನಿನ ತುದಿಯಿಂದ ತನ್ವಿಯನ್ನ ತೋರಿಸಿ, ಈಕೆ ನಮ್ಮ ಟೀಚರು, ಇನ್ನೂ ನನಗೆ ಸರಿಯಾಗಿ ಬರೋದಿಲ್ಲ ಅಂತ ಪ್ರತಿ ಸಲ ಬೈತಾಳೆ ಅಂದ. ನಗ್ತಾ ಹೇಳಿದ್ದಲ್ಲ, ಮರ್ಯಾದೆಯಿಂದಲೇ ಹೇಳಿದ್ದು.

ನಾನು ತನ್ವಿಯ ಕಡೆ ತಿರುಗ್ದೆ. ಯಾಕೆ ಮುಚ್ಚಿಟ್ಟೆ ಅಂದೆ. ರಂಗಪ್ರವೇಶ ಇಟ್ಕೊಂಡು ಈ ಬೀದಿ ಆಟ ಯಾಕೆ ಅಂತಲೂ ಅಂದೆ. ಅವಳು ಯಾವತ್ತೂ ನನಗೆ ಇಂಗ್ಲಿಷಲ್ಲೇ ಉತ್ತರ ಕೊಡೋಳು. ಅವತ್ತು ಕನ್ನಡ ಹುಡುಕಿದ್ಲು. ಒಂದೊಂದೇ ಮಾತು ಎತ್ತಿಟ್ಟ ಹಾಗೆ ಹೇಳಿದ್ಲು.

"ರಂಗಪ್ರವೇಶ ಬೇಡ ಆಂಟಿ. ಅದಾದ್ಮೇಲೆ ಎಲ್ರೂ ನಿಲ್ಲಿಸ್ತಾರೆ. ನಂಗೆ ನಿಲ್ಸೋಕೆ ಇಷ್ಟ ಇಲ್ಲ."

ಅವಳೇ ಮುಂದುವರಿಸಿದ್ಲು.

"ನೀವು ಆ ಜಾರು ನಂಗೊಬ್ಳಿಗೇ ಕೊಟ್ರಿ. ಒಬ್ಳೇ ಇಟ್ಕೊಳ್ಳೋಕೆ ಭಯ ಆಗತ್ತೆ. ನಾನು ಮರೆತ್ರೆ?"

ಭಯ. ನನ್ನ ಭಯವೇ. ನಾನು ಅದನ್ನ ಅವಳಿಗೆ ಹೇಳೇ ಇರಲಿಲ್ಲ, ಆದರೆ ಜಾರಿನ ಜೊತೆ ಅದನ್ನೂ ಕಲಿಸಿಬಿಟ್ಟಿದ್ದೆ. ನಾನು ಆ ಭಯಕ್ಕೆ ಬಾಗಿಲು ಹಾಕ್ಕೊಂಡು ಕೂತೆ, ಈ ಕೂಸು ಬಾಗಿಲು ತೆಗೆದು ಹಂಚೋಕೆ ಹೊರಟಿದೆ. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತು ಅಂದ್ರೆ, ಅದನ್ನ ತೋರಿಸೋಕೆ ಬರದೆ, ಮೊಣಕೈ ಅಷ್ಟು ಮೇಲೆತ್ತಬೇಡ, ಜಾರು ಒಣಗತ್ತೆ ಅಂತ ಗದರಿದೆ. ಡೆಲ್ಬರ್ಟ್ ತನ್ನ ಮೊಣಕೈಯನ್ನೂ ಇಳಿಸ್ಕೊಂಡ.

ಊರಿಗೆ ಬಂದ ಮೇಲೆ ಉದಯಶಂಕರ ಹೆಂಡತಿಗೆ ಎಲ್ಲ ಹೇಳಿದ. ವೈದೇಹಿ ನನಗೆ ಫೋನ್ ಮಾಡಿ ಆಡಿಟೋರಿಯಮ್ಮು ಬುಕ್ ಆಗಿದೆ, ನೆಂಟರು ಟಿಕೆಟ್ ತಗೊಂಡಿದ್ದಾರೆ, ಇದೆಲ್ಲ ನಿಮ್ಮದೇ ಕಿತಾಪತಿ ಇರ್ಬೇಕು ಅಂದ್ಲು. ನೀವೇ ಅವಳನ್ನ ಆ ಗಡ್ಡದವರ ಹತ್ರ ಕಳಿಸಿದ್ದೀರಿ, ನಂಗೆ ಮೊದಲಿಂದ ಅನುಮಾನ ಇತ್ತು ಅಂತ ಕೂಗಾಡಿದ್ಲು. ಹೌದು, ನಾನೇ ಕಳಿಸಿದ್ದು, ರಂಗಪ್ರವೇಶವೂ ಬೇಡ ಅಂತ ನಾನೇ ಹೇಳ್ತಿದ್ದೀನಿ ಅಂದೆ. ವೆಂಕಣ್ಣ ಕಣ್ಣರಳಿಸಿ ನೋಡಿದ್ರು. ಅಷ್ಟು ದೊಡ್ಡ ಸುಳ್ಳು ನನ್ನ ಬಾಯಲ್ಲಿ ಅವರು ಕೇಳಿರಲಿಲ್ಲ.

ನಿಶಿತಾಗೂ ಫೋನ್ ಮಾಡಿ ತಪ್ಪಾಯ್ತು ಅಂದೆ. ದೊಡ್ಡ ಮನಸ್ಸಿನಿಂದ ಪರವಾಗಿಲ್ಲ ಅಂದ್ಲು. ಯಾಕೆ ಅಷ್ಟು ಬೇಗ ಪರವಾಗಿಲ್ಲ ಅಂದ್ಲು ಅಂತ ಇನ್ನೂ ಯೋಚನೆ ಮಾಡ್ತಿದ್ದೀನಿ.

ಗುರುವಾರ ತನ್ವಿ ಕ್ಲಾಸಿಗೆ ಬಂದ್ಲು. ಬರ್ತಾಳೋ ಇಲ್ವೋ ಅಂತ ಬೆಳಗಿಂದ ಕಿಟಕಿ ಹತ್ರವೇ ಇದ್ದೆ, ಅದನ್ನ ಅವಳಿಗೆ ಹೇಳಲಿಲ್ಲ. ಚಾಪೆ ಮೇಲೆ ಕೂತು ಪೆಟ್ಟಿಗೆ ತೆಗೆದು ತಂತಿ ಮೀಟಿದ್ಲು. ಆರು ಮನೆ. ನಾಲಿಗೆ ಕಚ್ಕೊಂಡು, ಇಳಿಸೋಕೆ ಬಿರಡೆಗೆ ಕೈ ಹಾಕಿದ್ಲು. ಇರ್ಲಿ ಬಿಡು ಅಂದೆ.

ನನ್ನ ಪಿಟೀಲು ತಗೊಂಡು ನಾನೇ ಬಿರಡೆ ತಿರುಗಿಸೋಕೆ ಶುರು ಮಾಡ್ದೆ. ನಾಲ್ಕು ಮನೆ, ಐದು ಮನೆ. ಮೂರು ಮನೆಗೆ ಪಳಗಿದ ಹಳೇ ತಂತಿ, ಐದು ದಾಟ್ತಿದ್ದ ಹಾಗೆ ಟಪ್ ಅಂತ ಕಿತ್ತು ಕೆನ್ನೆಗೆ ಬಡೀತು. ತನ್ವಿ ಹೆದರಿ ನನ್ನ ಮುಖ ನೋಡಿದ್ಲು. ಕೆನ್ನೆ ಉಜ್ಜಿಕೊಂಡು, ಡೆಲ್ಬರ್ಟ್ ಯಾವ ತಂತಿ ಹಾಕ್ತಾನೆ ಅಂತ ಕೇಳ್ದೆ. ಅವಳ ಪೆಟ್ಟಿಗೆಯಲ್ಲೇ ಒಂದು ಇತ್ತು. ಅದನ್ನ ಹಾಕಿ, ಅವಳ ಷಡ್ಜಕ್ಕೆ ನನ್ನ ಷಡ್ಜ ಸೇರೋವರೆಗೂ ಬಿಗಿದೆ.