ಗಿರಣಿ ಓಣಿಯ ಹೆಸರು

ಹಿಬೊ ರೇಡಿಯೊ ಕೇಂದ್ರದ ಬಾಗಿಲು ತೆರೆಯುವಷ್ಟರಲ್ಲಿ ಫೋನಿನಿಂದ ಫೋನಿಗೆ ಹಾರುತ್ತಿದ್ದ ಆ ಧ್ವನಿ ಗಾಲ್ಕಾಯೊ ಊರನ್ನೆಲ್ಲ ಒಂದು ಸುತ್ತು ಹಾಕಿ ಮುಗಿಸಿತ್ತು. ಚಹಾ ಕಾಸುವ ಹೆಂಗಸು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೇಳುತ್ತಿದ್ದಳು. ಸಿಮೆಂಟು ಇಳಿಸಲು ಬಂದವರು ಚೀಲ ಇಳಿಸುವುದನ್ನು ಬಿಟ್ಟು ಲಾರಿಯ ಮೇಲೆ ಕೂತು ಕೇಳುತ್ತಿದ್ದರು. ಎಲ್ಲೆಲ್ಲೂ ಅದೇ ಗಂಡಸಿನ ಗಡಸು ಕಂಠ.

“ಕೊಂದವನು ಎಲ್ಲೂ ಓಡಿಹೋಗಿಲ್ಲ. ದಕ್ಷಿಣದಲ್ಲಿ, ಹಿಟ್ಟಿನ ಗಿರಣಿ ಓಣಿಲಿ ಅಡಗಿಸಿ ಇಟ್ಕೊಂಡಿದ್ದಾರೆ. ಹಿರಿಯರು ಮರದ ಕೆಳಗೆ ಕೂತು ಚಹಾ ಕುಡೀತಾ ಇರಲಿ. ಊರಲ್ಲಿ ಗಂಡಸರು ಅಂತ ಯಾರಾದರೂ ಉಳಿದಿದ್ರೆ ಆ ಓಣಿಗೆ ಹೋಗಿ ನೋಡಲಿ.”

ಮಾತಾಡಿದವನು ಹೆಸರು ಹೇಳಿರಲಿಲ್ಲ. ಹಿಬೊಳಿಗೆ ಹೆಸರು ಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಅವಳಿಗೆ ಅಕ್ಷರ ಹೇಳಿಕೊಟ್ಟದ್ದು ಅದೇ ಕಂಠ. ಅವಳ ಅಣ್ಣ ದಲ್ಮಾರ್, ಅಮೆರಿಕದ ಒಹಾಯೊದಲ್ಲಿ ಲಾರಿ ಓಡಿಸುತ್ತಿದ್ದವನು, ಊರು ಬಿಟ್ಟು ಇಪ್ಪತ್ತನಾಲ್ಕು ವರ್ಷವಾಗಿತ್ತು.

ಊರು ಎರಡಾಗಿ ಅದಕ್ಕಿಂತ ಹೆಚ್ಚು ಕಾಲವಾಗಿತ್ತು. ಉತ್ತರಕ್ಕೆ ಒಂದು ಸರ್ಕಾರ, ಒಂದು ಕುಲ, ದಕ್ಷಿಣಕ್ಕೆ ಇನ್ನೊಂದು. ನಡುವಿನ ಗೆರೆಯನ್ನು ಯಾರೂ ಬಣ್ಣ ಬಳಿದು ಎಳೆದಿರಲಿಲ್ಲ, ಆದರೆ ಅದು ಯಾವ ಅಂಗಡಿಯ ಮುಂದೆ ಹಾಯುತ್ತದೆಂದು ಮೇಕೆಗಳಿಗೂ ಗೊತ್ತಿದ್ದಂತಿತ್ತು. ಹತ್ತು ದಿನದ ಹಿಂದೆ ಎಲ್-ಹರೂರಿನ ಬಾವಿಯ ಹತ್ತಿರ ನೀರಿನ ಸರದಿಗೆ ಜಗಳವೆದ್ದು, ಉತ್ತರದ ಕಡೆಯ ಒಂಟೆ ಮೇಯಿಸುವವನೊಬ್ಬ ಗುಂಡು ತಗುಲಿ ಸತ್ತಿದ್ದ. ಕೊಂದವನು ಬಯಲಿನ ಕಡೆ ಓಡಿಹೋದದ್ದನ್ನು ಬಾವಿಯ ಹತ್ತಿರ ಇದ್ದವರೆಲ್ಲ ಕಂಡಿದ್ದರು. ಎರಡೂ ಕಡೆಯ ಹಿರಿಯರು ಅಂದಿನಿಂದ ಜಾಲಿ ಮರದ ಕೆಳಗೆ ಕೂತು, ಸತ್ತವನ ಮನೆಗೆ ಎಷ್ಟು ಒಂಟೆ ಕೊಡಬೇಕೆಂದು ಮಾತಾಡುತ್ತಿದ್ದರು. ಮಾತು ಇನ್ನೇನು ಹದಕ್ಕೆ ಬರುವುದರಲ್ಲಿತ್ತು.

ಗಿರಣಿ ಓಣಿ ಎಂಬ ಹೆಸರು ಕಿವಿಗೆ ಬಿದ್ದಾಗ ಹಿಬೊ ಅದನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿ ಕೇಳಿದ್ದಳು. ಅವಳ ತಂಗಿ ದೀಕಾ ಇದ್ದದ್ದು ಅದೇ ಓಣಿಯಲ್ಲಿ. ಹನ್ನೊಂದು ವರ್ಷದ ಹಿಂದೆ ದೀಕಾ ಗೆರೆಯಾಚೆಯ ಕುಲದ ಸಮತರನನ್ನು ಮದುವೆಯಾದಾಗ ದಲ್ಮಾರ್ ಅವಳೊಂದಿಗೆ ಮಾತು ಬಿಟ್ಟಿದ್ದ. ಕಳೆದ ವರ್ಷ ಸಮತರನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿ ಸಂಸಾರ ಆ ಓಣಿಗೆ ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಒಹಾಯೊದಲ್ಲಿ ಆಗಿನ್ನೂ ರಾತ್ರಿ. ಹಿಬೊ ಫೋನು ಮಾಡಿದಾಗ ಅವನು ದಾರಿಯಲ್ಲಿದ್ದ.

“ಅಣ್ಣಾ, ಗಿರಣಿ ಓಣಿ ಅಂತ ನಿನಗೆ ಯಾರು ಹೇಳಿದ್ದು?”

“ಓಹೋ, ರೇಡಿಯೊ ಅಮ್ಮಾವ್ರು! ಕೇಳಿದ್ಯಾ? ಒಂದೇ ದಿನಕ್ಕೆ ನಲವತ್ತು ಸಾವಿರ ಜನ ಕೇಳಿದ್ದಾರೆ ಕಣೆ. ಲಂಡನ್ನು, ನೈರೋಬಿ, ಮಿನಿಯಾಪೊಲಿಸ್. ನಿಮ್ಮ ರೇಡಿಯೊ ಗಂಟಲು ಹರ್ಕೊಂಡ್ರೂ ಅಷ್ಟು ಜನ ಬರಲ್ಲ.”

“ಯಾರು ಹೇಳಿದ್ದು ಅಂತ ಕೇಳ್ದೆ.”

“ನಂಬಿಕಸ್ಥರು. ಫೋನ್ ಗುಂಪಲ್ಲಿ ಹಾಕಿದ್ರು.”

“ಯಾರು ಆ ನಂಬಿಕಸ್ಥ? ಎಲ್ಲಿದ್ದಾನೆ?”

“ಟೊರಾಂಟೊ.”

ಹಿಬೊ ಕಣ್ಣು ಮುಚ್ಚಿಕೊಂಡಳು. “ಅಣ್ಣಾ, ಆ ಓಣಿಲಿ ದೀಕಾ ಇದ್ದಾಳೆ.”

ಲಾರಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ ಅವನು, “ಅವಳು ಮಾರ್ಕೆಟ್ ಹಿಂದುಗಡೆ ಇದ್ಲಲ್ಲ?” ಎಂದ.

“ಇದ್ಲು. ಈಗ ಇಲ್ಲ. ಕೇಳೋ ಅಭ್ಯಾಸ ಇದ್ದಿದ್ರೆ ಗೊತ್ತಾಗಿರೋದು.”

“ಸರಿ, ಅವಳನ್ನ ಅಲ್ಲಿಂದ ಹೊರಡಿಸು.”

“ಮೂರು ಮಕ್ಕಳು, ಹಾಸಿಗೆ ಹಿಡಿದ ಮಾವ. ಯಾರನ್ನ ಹೊತ್ಕೊಂಡು ಹೊರಡ್ಲಿ ಅವಳು? ಅವಳೊಬ್ಬಳು ಹೊರಟ್ರೆ ಉಳಿದ ಮನೆಗಳಲ್ಲಿ ಇರೋರು ಏನು ಕಲ್ಲಾ? ‘ನಾನು ಹೇಳಿದ್ದು ಸುಳ್ಳು’ ಅಂತ ನೀನೇ ಹೇಳು. ಈಗಲೇ, ಅದೇ ಬಾಯಲ್ಲಿ.”

“ಅದಾಗಲ್ಲ ಹಿಬೊ. ತಂಗಿ ಸಿಕ್ಕಾಕ್ಕೊಂಡ್ಲು ಅಂತ ಬಾಲ ಮುದುರ್ಕೊಂಡ ಅಂತಾರೆ. ಇಲ್ಲಿ ನಮ್ಮೋರ ಮುಂದೆ ನಾನು ತಲೆ ಎತ್ಕೊಂಡು ತಿರುಗೋದು ಬೇಡ್ವಾ? ನೀನು ಅಲ್ಲಿರೋಳು, ನಿನಗೆ ಇದೆಲ್ಲ ಅರ್ಥ ಆಗಲ್ಲ.”

“ಇಲ್ಲಿದ್ದೀನಿ, ಅದಕ್ಕೇ ಅರ್ಥ ಆಗ್ತಿರೋದು,” ಎಂದು ಅವಳು ಫೋನು ಕತ್ತರಿಸಿದಳು.

ಕೇಂದ್ರ ನಡೆಸುತ್ತಿದ್ದ ರೋಬ್ಲೆ ವಯಸ್ಸಾದ ಮನುಷ್ಯ, ಎರಡು ಸಲ ಜೈಲು ನೋಡಿ ಬಂದವನು. ಊರಿನವರೆಲ್ಲ ಹಿರಿಯರನ್ನು ಕರೆಯುವಂತೆ ಹಿಬೊಳೂ ಅವನನ್ನು ಅದೇರ್, ಚಿಕ್ಕಪ್ಪ, ಎಂದೇ ಕರೆಯುತ್ತಿದ್ದಳು. ಗಾಳಿಮಾತಿಗೆ ಮೈಕು ಕೊಡಬಾರದು ಎಂಬುದು ಅವನ ಕಟ್ಟಳೆ.

“ಅದೇರ್, ಒಂದು ಗಂಟೆ ವಾರ್ತೆಲಿ ಇದನ್ನ ಸುಳ್ಳು ಅಂತ ಹೇಳಬೇಕು.”

“ಹೇಳಿದ್ರೆ ಕೇಳದೇ ಇದ್ದೋರಿಗೂ ಕೇಳಿಸಿದ ಹಾಗಾಗುತ್ತೆ ಮಗಳೇ.”

“ಕೇಳದೇ ಇರೋರು ಯಾರೂ ಉಳಿದಿಲ್ಲ. ಪೆಟ್ರೋಲ್ ಬಂಕ್ ಹತ್ರ ಎರಡು ಗಾಡಿ ನಿಂತಿವೆ. ಬಂದೂಕು ಹಿಡಿದು ಹತ್ತಿ ಕೂತಿರೋರನ್ನ ನೀವೂ ನೋಡಿಲ್ವಾ ಬರುವಾಗ?”

ರೋಬ್ಲೆ ನೋಡಿದ್ದ. ಗಡ್ಡ ನೀವಿಕೊಂಡು ಹೇಳಿದ: “ಬರೀ ಸುಳ್ಳು ಅಂದ್ರೆ ಯಾರು ನಂಬ್ತಾರೆ? ರೇಡಿಯೊದೋರು ದಕ್ಷಿಣದೋರ ಚಹಾ ಕುಡ್ದಿದ್ದಾರೆ ಅಂತಾರೆ. ಆ ಮಾತು ಆಡಿದೋನು ಯಾರು, ಅವನಿಗೆ ಏನೂ ಗೊತ್ತಿಲ್ಲ ಅನ್ನೋದು ನಿನಗೆ ಹೇಗೆ ಗೊತ್ತು, ಅದನ್ನ ಹೇಳಬೇಕು. ಹೇಳ್ತೀಯಾ?”

ಹಿಬೊ ಲೆಕ್ಕ ಹಾಕಿದಳು. ಹೇಳಿದರೆ ಉತ್ತರದ ಗಾಡಿಗಳು ನಿಲ್ಲಬಹುದು. ಆದರೆ ರೇಡಿಯೊ ಗೆರೆಯಾಚೆಗೂ ಕೇಳುತ್ತದೆ. ಬೆಂಕಿ ಹಚ್ಚಿದವನ ತಂಗಿಯೇ ತಮ್ಮ ಓಣಿಯಲ್ಲಿ ಒಲೆ ಉರಿಸುತ್ತಿದ್ದಾಳೆಂದು ದಕ್ಷಿಣದವರಿಗೆ ಗೊತ್ತಾಗುತ್ತದೆ. ನಮ್ಮ ಓಣಿಯ ಸುಳಿವು ಕೊಟ್ಟವಳು ಇವಳೇ ಎನ್ನಲು ಅವರಿಗೆ ಎಷ್ಟು ಹೊತ್ತು ಬೇಕು?

ಹಿತ್ತಲಿನ ನೀರಿನ ಡ್ರಮ್ಮಿನ ನೆರಳಿಗೆ ಹೋಗಿ ತಂಗಿಗೆ ಫೋನು ಮಾಡಿದಳು. ದೀಕಾ ಪಿಸುದನಿಯಲ್ಲಿ ಮಾತಾಡಿದಳು.

“ಅಕ್ಕಾ, ಓಣಿ ಬಾಯಿಗೆ ಮರಳು ಚೀಲ ಪೇರಿಸ್ತಿದ್ದಾರೆ. ನನ್ನ ಗಂಡನೂ ಚೀಲ ಹೊರ್ತಿದ್ದಾನೆ. ಅದು ಅಣ್ಣನ ಧ್ವನಿ ಅಲ್ವಾ?”

“ಹೂಂ.”

“ಪಕ್ಕದ ಮನೆಯೋಳು ನನಗೇ ಕೇಳಿಸಿದ್ಲು. ಇವನ ನಾಲಿಗೆ ಬಿದ್ದುಹೋಗ ಅಂತ ಶಾಪ ಹಾಕಿದ್ಲು. ನಾನೂ ಹೂಂ ಅಂದೆ.”

ಹಿಬೊ ತಾನು ಮಾಡಬೇಕೆಂದಿರುವುದನ್ನು ಹೇಳಿದಳು. ಅದರಿಂದ ಏನಾಗಬಹುದೆಂಬುದನ್ನೂ ಹೇಳಿದಳು. “ನೀನು ಬೇಡ ಅಂದ್ರೆ ಹೇಳಲ್ಲ ದೀಕಾ.”

ಆ ಕಡೆ ಮಗುವೊಂದು ಅಳುತ್ತಿತ್ತು. ದೀಕಾ ಅದನ್ನು ಎತ್ತಿಕೊಂಡು ಸಮಾಧಾನ ಮಾಡುವವರೆಗೂ ಹಿಬೊ ಕಾದಳು.

“ಗಾಡಿಲಿ ಕೂತಿರೋರಿಗೆ ಕೇಳಿಸುತ್ತಾ ಅದು?”

“ಒಂದು ಗಂಟೆ ವಾರ್ತೆ ಎಲ್ಲರೂ ಕೇಳ್ತಾರೆ.”

“ಹಾಗಿದ್ರೆ ಹೇಳು. ಮುಂದಿನದು ಮುಂದೆ. ಹೆಸರು ಮಾತ್ರ ಸರಿಯಾಗಿ ಹೇಳು ಅಕ್ಕಾ, ಸಮತರನ ಹೆಂಡತಿ ದೀಕಾ ಅಂತ. ಇಂಥೋನ ತಂಗಿ ಅಂತ ಮೊದಲು ಹೇಳಬೇಡ.”

ಒಂದು ಗಂಟೆಗೆ ಹಿಬೊ ಮೈಕಿನ ಮುಂದೆ ಕೂತಳು. ಮೊಗದಿಶುವಿನ ಸಂಸತ್ತಿನಲ್ಲಿ ಚುನಾವಣೆಯ ಬಗೆಗಿನ ಗದ್ದಲ, ಉತ್ತರದ ಸರ್ಕಾರದ ರಾಜಧಾನಿ ಗಾರೊವೆಯಿಂದ ಬಂದ ಮಂತ್ರಿಗಳ ಹೇಳಿಕೆ, ಮಳೆ ತಪ್ಪಿದ ಊರುಗಳ ಪಟ್ಟಿ, ಎಲ್ಲವನ್ನೂ ಎಂದಿನ ದನಿಯಲ್ಲೇ ಓದಿದಳು. ಆಮೇಲೆ ಕಾಗದ ಪಕ್ಕಕ್ಕಿಟ್ಟಳು.

“ಗಿರಣಿ ಓಣಿಯ ಬಗ್ಗೆ ಒಂದು ಧ್ವನಿ ಬೆಳಗಿನಿಂದ ಊರಲ್ಲಿ ತಿರುಗುತ್ತಿದೆ. ಆ ಓಣಿಯ ಹದಿನಾಲ್ಕು ಮನೆಗಳಲ್ಲಿ ಕೊಲೆಗಾರ ಯಾರೂ ಇಲ್ಲ. ಅಲ್ಲಿ ಸಮತರನ ಹೆಂಡತಿ ದೀಕಾ ಮೂರು ಮಕ್ಕಳೊಂದಿಗೆ ಇದ್ದಾಳೆ. ಅವಳು ನನ್ನ ತಂಗಿ. ಆ ಧ್ವನಿ ನನ್ನ ಅಣ್ಣ ದಲ್ಮಾರನದು. ಅವನು ಆ ಓಣಿಯನ್ನು ಕಣ್ಣಾರೆ ಕಂಡವನಲ್ಲ. ಸ್ವಂತ ತಂಗಿ ಅಲ್ಲಿದ್ದಾಳೆಂಬುದೇ ಅವನಿಗೆ ಗೊತ್ತಿರಲಿಲ್ಲ. ಇಷ್ಟು ಗೊತ್ತಿಲ್ಲದವನ ಮಾತು ಕೇಳಿ ಗಾಡಿ ಹತ್ತಿದವರು ಇಳಿಯಬೇಕೆಂದು ಕೇಳಿಕೊಳ್ಳುತ್ತೇನೆ.”

ಗಾಡಿ ಹತ್ತಿದವರು ಕೂಡಲೇ ಇಳಿಯಲಿಲ್ಲ. ಬಾವಿಯ ಹತ್ತಿರ ಸತ್ತವನ ಅಪ್ಪ ಜಾಲಿ ಮರದ ಕೆಳಗಿನಿಂದ ಎದ್ದು, ಬಿಸಿಲಲ್ಲಿ ನಡೆದು ಬಂದು, ಮೊದಲನೆಯ ಗಾಡಿಯ ಮುಂದೆ ನಿಂತನಂತೆ. “ಸತ್ತೋನು ನನ್ನ ಮಗ. ನಿಮಗ್ಯಾಕ್ರೋ ಇಷ್ಟು ಅವಸರ?” ಎಂದನಂತೆ. ಮೂರು ಗಂಟೆಗೆ ಬಂಕಿನ ಹತ್ತಿರ ಒಂದು ಗಾಡಿ ಉಳಿದಿತ್ತು, ನಾಲ್ಕಕ್ಕೆ ಅದೂ ಇರಲಿಲ್ಲ.

ಗಿರಣಿ ಓಣಿ ಉಳಿಯಿತು. ಆದರೆ ಬಂಕಿನಿಂದ ಹೊರಟ ಗಾಡಿಗಳಲ್ಲಿ ಒಂದು ಮನೆಗೆ ಹೋಗದೆ ಬಾವಿಯ ಕಡೆ ಹೋಯಿತು. ಮರುದಿನ ಎಲ್-ಹರೂರಿನಲ್ಲಿ ನಾಲ್ಕು ಜನ ಸತ್ತರು, ಎರಡೂ ಕಡೆಯಿಂದ ಇಬ್ಬಿಬ್ಬರು. ಹಿಬೊ ಆ ನಾಲ್ಕು ಹೆಸರುಗಳನ್ನು ಕುಲ ಹೇಳದೆ ಓದಿದಳು. ಓದುವಾಗ ಎರಡನೆಯ ಹೆಸರಿನಲ್ಲಿ ತಡವರಿಸಿದಳು. ಆ ಹುಡುಗನ ತಾಯಿ ಅವಳ ಜೊತೆ ಶಾಲೆಗೆ ಬಂದವಳು.

ಮೂರನೆಯ ದಿನ ದೀಕಾ ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ಗೆರೆ ದಾಟಿ ಬಂದಳು. ಸಮತರನ ಅಣ್ಣಂದಿರು, ಬಿಸಿ ಆರುವವರೆಗೆ ತವರಿಗೆ ಹೋಗಿರಲಿ ಎಂದಿದ್ದರು. ಮೂವರಲ್ಲಿ ಹಿರಿಯವನಾದ ಮಗನನ್ನು ಕಳಿಸಿರಲಿಲ್ಲ. ಸಮತರ್ ಗೆರೆಯವರೆಗೂ ಬಂದು, ಚೀಲ ಕೆಳಗಿಟ್ಟು ಹಿಂದಿರುಗಿದ್ದ.

“ಹೊಡೆದ್ರಾ ಯಾರಾದ್ರೂ?” ಹಿಬೊ ಕೇಳಿದಳು.

“ಇಲ್ಲ. ಪಕ್ಕದ ಮನೆಯೋಳು ಎರಡು ದಿನ ನನ್ನ ಹತ್ರ ಬೆಂಕಿ ಕೇಳಕ್ಕೆ ಬರಲಿಲ್ಲ. ಅಷ್ಟೇ.” ದೀಕಾ ಚಿಕ್ಕವಳಿಗೆ ಅಂಜೇರೊ ದೋಸೆ ಚೂರು ಮಾಡಿ ಚಹಾದಲ್ಲಿ ನೆನೆಸಿ ಕೊಡುತ್ತಿದ್ದಳು. ಕೈ ಮಾತ್ರ ಕೆಲಸ ಮಾಡುತ್ತಿತ್ತು; ಕಣ್ಣು ಎಲ್ಲೋ ಇತ್ತು.

ದಲ್ಮಾರ್ ಆ ಧ್ವನಿಯನ್ನು ಅಳಿಸಿದ್ದು ಐದನೆಯ ದಿನ. ಅಷ್ಟರಲ್ಲಿ ಬೇರೆಯವರು ಅದನ್ನು ನೂರು ಕಡೆ ಹಂಚಿದ್ದರು. ಅವನನ್ನು ಹೊಗಳುತ್ತಿದ್ದವರೇ ಈಗ ತಂಗಿಯ ಸೆರಗಿನ ಹಿಂದೆ ಅವಿತವನೆಂದು ಹಂಗಿಸುತ್ತಿದ್ದರು. ಅವನು ಫೋನು ಮಾಡಿದ. ದೀಕಾಳ ಹತ್ತಿರ ಒಂದು ಮಾತು ಆಡಿಸು ಎಂದು ಗೋಗರೆದ. ಹಿಬೊ ಫೋನು ಚಾಚಿದಳು. ದೀಕಾ ತೆಗೆದುಕೊಳ್ಳುತ್ತಾಳೆಂದು ಅವಳಿಗೆ ಅನ್ನಿಸಿರಲಿಲ್ಲ.

“ಅಣ್ಣಾ,” ಎಂದಳು ದೀಕಾ, “ಬರದೇ ಉಳಿದಿದ್ದಾನಲ್ಲ, ನನ್ನ ಮಗ. ಅವನ ಹೆಸರೇನು ಹೇಳು.”

ಅವನು ಒಂದು ಹೆಸರು ಹೇಳಿದ.

“ಅಲ್ಲ,” ಎಂದು ಅವಳು ಫೋನನ್ನು ಅಕ್ಕನಿಗೆ ಮರಳಿಸಿ ಪಾತ್ರೆ ತೊಳೆಯಲು ಎದ್ದು ಹೋದಳು.

ಹದಿನೆಂಟು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ದೀಕಾಳ ಅತ್ತೆ ದಹಬೊ, ಊರುಗೋಲು ಹಿಡಿದು ಏದುಸಿರು ಬಿಡುತ್ತ ನಿಂತಿದ್ದಳು. ಗೆರೆ ದಾಟಿ ಈ ಕಡೆ ಕಾಲಿಟ್ಟು ಅವಳಿಗೆ ಎಷ್ಟೋ ವರ್ಷವಾಗಿತ್ತು. ಸೊಸೆಯನ್ನು ಕಂಡವಳೇ ಗದರಿದಳು:

“ತವರುಮನೆ ರುಚಿ ಹತ್ತಿತೇನೇ? ನಿನ್ನ ಮಾವ ಬೇರೆ ಯಾರ ಕೈಲೂ ಗಂಜಿ ಕುಡಿಯಲ್ಲ ಅಂತ ಬಾಯಿ ಬಿಗಿದುಕೊಂಡಿದ್ದಾನೆ. ನಿನ್ನ ಗಂಡ ಅನ್ನೋ ಗಂಡಸು ಮೂಲೆ ಹಿಡಿದು ಕೂತಿದ್ದಾನೆ. ಹೊರಡು.”

“ಭಾವಂದಿರು?” ಎಂದಳು ದೀಕಾ.

“ಅವರನ್ನ ಹೆತ್ತೋಳು ನಾನು. ಅವರ ಹತ್ರ ನಾನು ಮಾತಾಡ್ತೀನಿ. ಓಣಿಯೋರ ಬಾಯಿ ಮುಚ್ಚಿಸ್ತೀನಿ ಅಂತ ಹೇಳಲ್ಲ, ಅದು ನನ್ನ ಕೈಲಾಗಲ್ಲ. ಬರ್ತೀಯಾ, ಇಲ್ವಾ?”

ದೀಕಾ ಮಕ್ಕಳ ಬಟ್ಟೆ ಮಡಚಲು ಒಳಗೆ ಹೋದಳು. ದಹಬೊ ಹಿಬೊಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ರೇಡಿಯೊದೋಳು ನೀನೇ ಅಲ್ವಾ?”

“ಹೌದಮ್ಮ.”

“ನೀನು ಹೇಳಿದ್ದಕ್ಕೆ ನಮ್ಮ ಓಣಿ ಉಳೀತು. ನೀನು ಹೇಳಿದ್ದಕ್ಕೇ ನನ್ನ ಮನೆ ಒಡೀತು. ನಿನಗೆ ದುವಾ ಮಾಡಬೇಕೋ ಶಾಪ ಹಾಕಬೇಕೋ ಗೊತ್ತಾಗ್ತಿಲ್ಲ. ಒಂದು ಲೋಟ ನೀರು ಕೊಡು.”

ಹಿಬೊ ನೀರು ತಂದುಕೊಟ್ಟಳು. ಮುದುಕಿ ಹೊಸ್ತಿಲ ಮೇಲೆ ಕೂತು ಕುಡಿದಳು. ಹಿಬೊ ಎಷ್ಟು ಕರೆದರೂ ಒಳಗೆ ಬರಲಿಲ್ಲ.

ನಾಲ್ವರೂ ಹೊರಟಾಗ ಬಿಸಿಲು ಏರಿತ್ತು. ಹಿಬೊ ಚಿಕ್ಕವಳನ್ನು ಎತ್ತಿಕೊಂಡು ಗೆರೆಯವರೆಗೆ ಹೋಗಿ, ಅಲ್ಲಿ ತಂಗಿಯ ಕೈಗೆ ಕೊಟ್ಟಳು. ಅತ್ತೆ ಆಗಲೇ ಹತ್ತು ಹೆಜ್ಜೆ ಮುಂದಿದ್ದಳು. ಎದುರಿನ ಅಂಗಡಿಗಳಲ್ಲಿ ಕೂತವರು ಮಾತು ನಿಲ್ಲಿಸಿ ನೋಡುತ್ತಿದ್ದರು. ದೀಕಾ ತಲೆಯ ಮೇಲಿನ ಬಟ್ಟೆಯನ್ನು ಮುಂದಕ್ಕೆಳೆದುಕೊಂಡು ನಡೆದಳು. ಅವರಲ್ಲಿ ಒಬ್ಬನೂ ಅವಳಿಗೆ ಸಲಾಂ ಹೇಳಲಿಲ್ಲ. ಒಬ್ಬನೂ ಅಡ್ಡವೂ ಬರಲಿಲ್ಲ.